ಒಲೆಯ ಮೇಲೆ ಹೊಗೆ ಹಿಡಿಸಿದ ಮೀನು ಫ್ರಿಜ್ ಇಲ್ಲದೆ ಉಳಿಯುತ್ತದೆಯೇ?

ಹಳೆಯ ಕಬ್ಬಿಣದ ಬಾಣಲೆ, ಒಂದು ಹಿಡಿ ಅಕ್ಕಿ, ಎರಡು ಚಮಚ ಟೀ ಪುಡಿ, ಸ್ವಲ್ಪ ಸಕ್ಕರೆ. ಇಷ್ಟಿದ್ದರೆ ಗ್ಯಾಸ್ ಒಲೆಯಲ್ಲೇ ಮೀನಿಗೋ ಪನೀರಿಗೋ ಹೊಗೆಯ ರುಚಿ ಕೊಡಬಹುದು ಎಂಬುದು ನಿಜ. ಚೀನಾದ ಸಿಚುವಾನ್‌ನಲ್ಲಿ ಬಾತುಕೋಳಿಗೆ ಚಹಾ ಎಲೆಯ ಹೊಗೆ ಹಿಡಿಸುವ ಪದ್ಧತಿ ಪ್ರಸಿದ್ಧ. ಆದರೆ 'ಹೊಗೆ ತಾಗಿದರೆ ಸಾಕು, ವಾರಗಟ್ಟಲೆ ಕೆಡುವುದಿಲ್ಲ' ಎಂಬ ಮಾತು ತಪ್ಪು, ಅಪಾಯಕಾರಿ ಕೂಡ.

ಈ ನಂಬಿಕೆಗೆ ಕಾರಣವಿದೆ. ಕೊಡಗಿನ ಹಳೆಯ ಮನೆಗಳಲ್ಲಿ ಉಪ್ಪು, ಅರಿಶಿನ ಹಚ್ಚಿದ ಮಾಂಸವನ್ನು ಸೌದೆ ಒಲೆಯ ಮೇಲ್ಗಡೆ ತೂಗುಹಾಕಿ ದಿನಗಟ್ಟಲೆ ಒಣಗಿಸುತ್ತಿದ್ದರು. ಅದು ಮಳೆಗಾಲಕ್ಕೆ ಉಳಿಯುತ್ತಿತ್ತು. ಅಲ್ಲಿ ಮುಖ್ಯ ಕೆಲಸ ಮಾಡಿದ್ದು ಉಪ್ಪು ಮತ್ತು ಒಣಗುವಿಕೆ. ನೀರಿನಂಶ ಹೋದರೆ ಬ್ಯಾಕ್ಟೀರಿಯಾ ಬೆಳೆಯಲಾರವು. ಹೊಗೆಯಲ್ಲಿರುವ ಫೀನಾಲ್‌ಗಳೂ ಅವನ್ನು ತಡೆಯುತ್ತವೆ, ಆದರೆ ಬಹುಪಾಲು ಹೊರಮೈಯಲ್ಲಿ ಮಾತ್ರ. ಬಾಣಲೆಯಲ್ಲಿ 20 ನಿಮಿಷ ಹೊಗೆ ಕಂಡ ಬಂಗುಡೆಯ ಒಳಗಿನ ನೀರು ಹಾಗೇ ಇರುತ್ತದೆ. ಅದು ಸಾಮಾನ್ಯ ಬೇಯಿಸಿದ ಮೀನು, ಅಷ್ಟೇ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು, ಮೂರು-ನಾಲ್ಕು ದಿನದಲ್ಲಿ ಮುಗಿಯಬೇಕು. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಹೊರಗಿಟ್ಟರೆ ಇನ್ನೂ ಕೆಟ್ಟದ್ದು: ಬೊಟುಲಿಸಂ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೇ ಗಾಳಿಯಿಲ್ಲದ ಜಾಗ. ಅದರ ವಿಷ ವಾಸನೆಯಿಂದ ಗೊತ್ತಾಗಬೇಕೆಂದಿಲ್ಲ.

ಮಾಡುವುದಾದರೆ ಹೀಗೆ ಮಾಡಿ. ಮೀನಿಗೆ ಉಪ್ಪು ಹಚ್ಚಿ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು ನೀರು ಒರೆಸಿ. ಒದ್ದೆ ಮೈಗೆ ಹೊಗೆ ಸರಿಯಾಗಿ ಹಿಡಿಯದೆ ಕಹಿಯಾಗುತ್ತದೆ. ಬಾಣಲೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ ಅಕ್ಕಿ, ಟೀ ಪುಡಿ, ಸಕ್ಕರೆ ಹರಡಿ, ಮೇಲೆ ಸ್ಟೀಲ್ ಜಾಲರಿ ಇಡಿ. ಹೊಗೆ ಏಳುತ್ತಿದ್ದಂತೆ ಮೀನಿಟ್ಟು ಮುಚ್ಚಿ, ದಮ್ ಬಿರಿಯಾನಿಗೆ ಮಾಡುವಂತೆ ಕಲಸಿದ ಹಿಟ್ಟಿನಿಂದ ಅಂಚು ಮುಚ್ಚಿ, ಉರಿ ತಗ್ಗಿಸಿ. 15ರಿಂದ 20 ನಿಮಿಷ ಸಾಕು. ಪನೀರ್‌ಗೆ ಇನ್ನೂ ಕಡಿಮೆ.

ಬಣ್ಣ ನೋಡಿ ಮೋಸ ಹೋಗಬೇಡಿ. ಹೊರಗೆ ಚಿನ್ನದ ಬಣ್ಣ ಬಂದರೂ ಒಳಗೆ ಹಸಿಯಿರಬಹುದು. ಮೀನಿನ ಒಳಭಾಗ 63 ಡಿಗ್ರಿ, ಕೋಳಿಯದ್ದು 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಥರ್ಮಾಮೀಟರ್ ಇಲ್ಲದವರಿಗೆ ನಮ್ಮ ಸಲಹೆ: ಕೋಳಿಯನ್ನು ಮೊದಲೇ ಪೂರ್ತಿ ಬೇಯಿಸಿ, ಆಮೇಲೆ ರುಚಿಗೆ ಹೊಗೆ ಹಿಡಿಸಿ. ಸಾರಿನ ಪಾತ್ರೆಯೊಳಗೆ ಬಟ್ಟಲಲ್ಲಿ ಕೆಂಡವಿಟ್ಟು ತುಪ್ಪ ಬಿಡುತ್ತಾರಲ್ಲ, ಅದೂ ರುಚಿಗೆ ಮಾತ್ರ, ಏನನ್ನೂ ಬೇಯಿಸುವುದಿಲ್ಲ. ಆ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಬಿಡಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಾಗಾದರೆ ಕ್ಯಾನ್ಸರ್? ಹೊಗೆಯಲ್ಲಿ ಬೆಂಜೋಪೈರೀನ್ ಇರಬಹುದು. ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ವರ್ಗೀಕರಿಸಿದೆ. ಅಪರೂಪಕ್ಕೊಮ್ಮೆ ತಿಂದರೆ ಗಾಬರಿ ಬೇಡ, ದಿನನಿತ್ಯದ ಅಭ್ಯಾಸ ಮಾತ್ರ ಬೇಡ. ಉರಿ ಹೆಚ್ಚಾದಷ್ಟೂ, ಕೊಬ್ಬು ತೊಟ್ಟಿಕ್ಕಿ ಸುಟ್ಟಷ್ಟೂ ಇಂಥ ವಸ್ತುಗಳು ಹೆಚ್ಚುತ್ತವೆ.

ಕಿಟಕಿ ತೆರೆದಿಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ಪ್ಲೈವುಡ್ ಹೊಟ್ಟು, ಬಣ್ಣ ಬಳಿದ ಮರದ ಚೂರು ಬಳಸಬೇಡಿ. ನಾನ್‌ಸ್ಟಿಕ್ ಪಾತ್ರೆಯಂತೂ ಬೇಡವೇ ಬೇಡ: ಖಾಲಿ ತಳ 260 ಡಿಗ್ರಿ ದಾಟಿದರೆ ಅದರ ಲೇಪನ ಒಡೆಯತೊಡಗುತ್ತದೆ, ಆ ಹೊಗೆಗೆ ಮನೆಯಲ್ಲಿ ಸಾಕಿದ ಗಿಳಿಗಳು ಸಾಯಬಹುದು.