ಹಲಗಿಯ ಚರಿತ್ರೆಯನ್ನು ಯಾರು ಬರೆಯಬೇಕು?

ಸಂಗೀತದ ಪುಸ್ತಕಗಳಿಗೆ ಒಂದು ಚಟ. ಜಗತ್ತಿನ ವಾದ್ಯಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದೊಂದರ ಮುಂದೆ ಒಂದೊಂದು ಸಾಲು ಅರ್ಥ ಬರೆದು ಕೈ ತೊಳೆದುಕೊಳ್ಳುತ್ತವೆ. ವೀಣೆ, ತಂತಿವಾದ್ಯ. ಮೃದಂಗ, ಚರ್ಮವಾದ್ಯ. ಸಾಂಬಾ, ಬ್ರೆಜಿಲ್ಲಿನ ಕುಣಿತ. ಆ ಸಾಲಿನಲ್ಲಿ ಹಲಗಿ ಸಿಕ್ಕರೆ ಪುಣ್ಯ. ಸಿಕ್ಕರೂ 'ಒಂದು ಬಗೆಯ ಜಾನಪದ ವಾದ್ಯ' ಅಂದರೆ ಮುಗೀತು. ತೊಗಲು ಸುಲಿದವರು ಯಾರು, ಹದ ಮಾಡಿದವರು ಯಾರು, ಬಡಿದವರು ಯಾರು, ಬಡಿಸಿದವರು ಯಾರು? ಈ ನಾಲ್ಕು ಪ್ರಶ್ನೆ ನಿಘಂಟಿಗೆ ಬೇಡ. ನಮಗೆ ಬೇಕು. ಯಾಕೆಂದರೆ ನಮ್ಮ ಮನೆತನದಲ್ಲಿ ನಿಘಂಟು ತೆರೆದವರಲ್ಲಿ ನಾವೇ ಮೊದಲಿಗರು. ಹಲಗಿ ಬಡಿದವರು ನಮಗಿಂತ ಹಿಂದಿನವರೆಲ್ಲ.

ಘೋಡಗೇರಿ ಘಟಪ್ರಭೆಯ ದಂಡೆಯ ಊರು. ಸುತ್ತ ಗೋಕಾಕ, ಮೂಡಲಗಿ, ಹುಕ್ಕೇರಿ. ಈ ಸೀಮೆಯಲ್ಲಿ ನೀರಿಗೆ ಬರ ಬಂದೀತು, ವಾದ್ಯಕ್ಕೆ ಬರ ಇಲ್ಲ. ಡೊಳ್ಳು, ಕರಡಿ, ಸನಾದಿ, ಚೌಡಕಿ, ತುಂತುಣಿ, ಹಲಗಿ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟಕ್ಕೆ ಕಟ್ಟಿಕೊಟ್ಟ ಕುಳಗೋಡ ತಮ್ಮಣ್ಣ ಇಲ್ಲಿಯವನು. ಅದನ್ನು ಊರೂರಿಗೆ ಮುಟ್ಟಿಸಿದ ಕೌಜಲಗಿ ನಿಂಗಮ್ಮ ಇಲ್ಲಿಯವಳು. ಆದರೆ ಊರಿನ ರಚನೆ ನೋಡಿದರೆ ವಾದ್ಯಕ್ಕೂ ಒಂದು ಓಣಿ ಇದೆ. ಡೊಳ್ಳು ಕುರುಬರದು. ಸನಾದಿ ಭಜಂತ್ರಿಯವರದು. ಚೌಡಕಿ ಎಲ್ಲವ್ವನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರದು. ಹಲಗಿ ಹೊಲಗೇರಿ, ಮಾದರಕೇರಿಯದು. ನಾದಕ್ಕೆ ಜಾತಿ ಇಲ್ಲ ಅಂತ ಹೇಳುವ ಪಂಡಿತರು ಒಂದು ದಿನ ನಮ್ಮ ಓಣಿಗೆ ಬಂದು ಹೋಗಬೇಕು.

ಹಲಗಿ ಅಂದರೆ ಏನು? ಕಟ್ಟಿಗೆಯ ಇಲ್ಲವೆ ಕಬ್ಬಿಣದ ಒಂದು ಬಳೆ, ಅದರ ಒಂದು ಮೈಗೆ ಬಿಗಿದ ತೊಗಲು. ಒಂದು ಕೈಯಲ್ಲಿ ದಪ್ಪ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಕಡ್ಡಿ. ಬಡಿಯುವ ಮುಂಚೆ ಬೆಂಕಿ ಮಾಡಿ ಕಾಯಿಸಬೇಕು. ತೇವ ಆರಿದಂತೆ ತೊಗಲು ಬಿಗಿಯುತ್ತದೆ, ಬಿಗಿದಂತೆ ಸ್ವರ ಏರುತ್ತದೆ. ಎಷ್ಟು ಕಾಯಿಸಬೇಕು ಅನ್ನುವುದು ಕೈಗೆ ಗೊತ್ತು, ಕಿವಿಗೆ ಗೊತ್ತು. ಮಿಕ್ಕಿ ಕಾಯಿಸಿದರೆ ತೊಗಲು ಸೀಳುತ್ತದೆ. ಇದು ವಿದ್ಯೆ. ಇದೇ ಶ್ರುತಿ ಹಿಡಿಯುವ ಕೆಲಸ ವೇದಿಕೆಯ ಮೇಲೆ ನಡೆದರೆ ಸಭೆ ಗಂಭೀರವಾಗಿ ಕೂತು ಕೇಳುತ್ತದೆ. ಕೇರಿಯ ಬೆಂಕಿಯ ಮುಂದೆ ನಡೆದರೆ ಅದು 'ಹಲಗಿ ಕಾಸೋದು'.

ಈ ವಿದ್ಯೆಗೆ ಕೊಟ್ಟ ಸಂಬಳ ಯಾವುದು? ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಪಡೆದ ಆಯದ ಕಾಳು. ಜಾತ್ರೆಗೆ ಬಡಿ, ಹೆಣದ ಮುಂದೆ ಬಡಿ, ಡಂಗುರಕ್ಕೆ ಬಡಿ. "ಏ, ಹಲಗಿ ತಗೊಂಡು ಬಾರಲೇ" ಅಂದರೆ ಜ್ವರ ಇದ್ದರೂ ಹೋಗಬೇಕು. ದೇವರ ಪಲ್ಲಕ್ಕಿಯ ಮುಂದೆ ದಾರಿ ತೋರಿಸಿಕೊಂಡು ಹೋಗಬೇಕು, ಗುಡಿಯ ಹೊಸ್ತಿಲು ಬಂದಾಗ ಹೊರಗೆ ನಿಲ್ಲಬೇಕು. ಅಚ್ಚರಿ ಅಂದರೆ ಹೋಳಿ ಹುಣ್ಣಿವಿ ಬಂದಾಗ ನಮ್ಮ ಸೀಮೆಯಲ್ಲಿ ಎಲ್ಲ ಜಾತಿಯ ಹುಡುಗರ ಕೈಯಲ್ಲೂ ಹಲಗಿ. ಬಾಗಲಕೋಟೆಯ ಹೋಳಿ ಹಲಗಿಗೆ ಹೆಸರಾಗಿದೆ. ಆಗ ಯಾರ ಕೈಯೂ ಮೈಲಿಗೆ ಆಗುವುದಿಲ್ಲ. ಹಬ್ಬ ಮುಗಿದ ಮಾರನೆ ದಿನ ಅದೇ ಹಲಗಿ ಮತ್ತೆ ಕೀಳು. ಅಂದ ಮೇಲೆ ಮೈಲಿಗೆ ಇದ್ದದ್ದು ತೊಗಲಿನಲ್ಲಿ ಅಲ್ಲ. ಖುಷಿಗೆ ಬಡಿದರೆ ಆಟ, ಹೇಳಿಸಿಕೊಂಡು ಬಡಿದರೆ ಜೀತ.

ಈ ಜೀತ ಬರೀ ರೂಢಿಯಾಗಿರಲಿಲ್ಲ, ಕಾಯದೆಯೂ ಆಗಿತ್ತು. ನಮ್ಮ ಬೆಳಗಾವಿ ಆಗ ಮುಂಬಯಿ ಇಲಾಖೆಗೆ ಸೇರಿತ್ತು. 1874ರ ವತನ ಕಾಯದೆ ಊರಿನ ವಂಶಪಾರಂಪರ್ಯ ಚಾಕರಿಗಳನ್ನು ಕಾಗದದ ಮೇಲೆ ಗಟ್ಟಿ ಮಾಡಿತು. ಬಾಬಾಸಾಹೇಬ ಅಂಬೇಡ್ಕರರು 1925ರಲ್ಲಿ ನಮ್ಮ ಪಕ್ಕದ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತನಾಡಿದರು. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಆ ಕಾಯದೆಗೆ ತಿದ್ದುಪಡಿ ತಂದರು; ಮುಂದಿನ ವರ್ಷ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. 1976ರ ತಿದ್ದುಪಡಿಯ ನಂತರ, ಅಸ್ಪೃಶ್ಯತೆಯ ನೆಪದಲ್ಲಿ ಸತ್ತ ದನ ಹೊರು, ತೊಗಲು ಸುಲಿ ಎಂದು ಒತ್ತಾಯ ಮಾಡುವುದೇ ಅಪರಾಧ. ಕಾಯದೆ ಬಂತು ನಿಜ. ಆದರೆ "ಬಡಿಯೋದಿಲ್ಲ" ಅನ್ನುವ ಮಾತು ಬಾಯಿಂದ ಹೊರಗೆ ಬರಲು ಕಾಯದೆ ಒಂದೇ ಸಾಲದು. ಅದಕ್ಕೆ ಕೂಲಿ ಬೇಕು, ಹೊಲ ಬೇಕು, ಒಗ್ಗಟ್ಟು ಬೇಕು.

ಈಗ ಶಾಸ್ತ್ರದ ಮಾತಿಗೆ ಬರೋಣ. ನಾಟ್ಯಶಾಸ್ತ್ರ ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಮಾಡಿತು. ಅವನದ್ಧ ಅಂದರೆ ತೊಗಲು ಹೊದಿಸಿದ್ದು. ಚರ್ಮವಾದ್ಯ ಹುಟ್ಟಿದ ಕತೆಯನ್ನೂ ಅದು ಹೇಳುತ್ತದೆ: ಸ್ವಾತಿ ಎಂಬ ಮುನಿ ಕೆರೆಗೆ ಹೋದಾಗ ತಾವರೆ ಎಲೆಗಳ ಮೇಲೆ ಮಳೆಹನಿ ಬಿದ್ದ ಸದ್ದು ಕೇಳಿ ವಾದ್ಯ ಮಾಡಿಸಿದನಂತೆ. ಸೊಗಸಾದ ಕತೆಯೇ. ಹನಿಯ ಸದ್ದು ಕೇಳಿದವನ ಹೆಸರು ಉಳಿಯಿತು. ದನದ ತೊಗಲು ಸುಲಿದು, ನೆನೆಹಾಕಿ, ನಾತ ಸಹಿಸಿ, ಕೂದಲು ಕೆರೆದವನ ಹೆಸರು? ಮೃದಂಗಕ್ಕೆ ಹಸು, ಎಮ್ಮೆ, ಆಡು ಮೂರರ ತೊಗಲೂ ಬೇಕು. ಅದನ್ನು ಮಾಡುತ್ತ ಬಂದ ತಮಿಳು ದಲಿತ ಕುಟುಂಬಗಳ ಬಗ್ಗೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಪುಸ್ತಕ ತಂದಾಗ ಚೆನ್ನೈನ ಕಲಾಕ್ಷೇತ್ರ ಬಿಡುಗಡೆಗೆ ಕೊಟ್ಟಿದ್ದ ಜಾಗವನ್ನು ವಾಪಸು ತೆಗೆದುಕೊಂಡಿತು. ನಾದ ಒಳಗೆ ಬರಬಹುದು, ತೊಗಲಿನ ಚರಿತ್ರೆ ಬರಬಾರದು!

ಹಲಗಿಯ ಅಣ್ಣತಮ್ಮಂದಿರು ಎಲ್ಲ ಕಡೆ ಇದ್ದಾರೆ. ಮೈಸೂರು ಸೀಮೆಯಲ್ಲಿ ತಮಟೆ, ತೆಲುಗರಲ್ಲಿ ಡಪ್ಪು, ತಮಿಳರಲ್ಲಿ ಪರೈ. ಪರೈ ಬಾರಿಸುವವರು ಪರೈಯರು. ಆ ಹೆಸರು ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಹೋಗಿ 'ಪರಾಯ' ಆಯಿತು. ಅರ್ಥ: ಯಾರಿಗೂ ಬೇಡವಾದವನು. ನೋಡಿ, ನಮ್ಮ ವಾದ್ಯ ನಿಘಂಟಿಗೆ ಹೋದ ದಾರಿ ಇದು. ವಾದ್ಯವಾಗಿ ಹೋಗಲಿಲ್ಲ, ಬೈಗುಳವಾಗಿ ಹೋಯಿತು.

ಕಡಲಿನ ಆಚೆಯೂ ಒಡೆಯರಿಗೆ ಹಲಗಿಯ ಹೆದರಿಕೆ ಇತ್ತು. ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ 1739ರಲ್ಲಿ ಸ್ಟೋನೊ ನದಿಯ ಹತ್ತಿರ ಕರಿಯ ಗುಲಾಮರು ನಗಾರಿ ಬಡಿಯುತ್ತ ದಂಗೆ ಎದ್ದರು. ಮರುವರ್ಷವೇ ಕಾಯದೆ ಬಂತು: ಗುಲಾಮರು ನಗಾರಿ, ಕಹಳೆ ಇಟ್ಟುಕೊಳ್ಳಕೂಡದು. ಅವರು ಚಪ್ಪಾಳೆಯನ್ನೇ, ತೊಡೆಯನ್ನೇ, ಹೆಜ್ಜೆಯನ್ನೇ ವಾದ್ಯ ಮಾಡಿಕೊಂಡರು. ಟ್ರಿನಿಡಾಡಿನಲ್ಲಿ ಬ್ರಿಟಿಷರು 1880ರ ದಶಕದಲ್ಲಿ ಬೀದಿ ನಗಾರಿ ನಿಲ್ಲಿಸಿದರು. ಅಲ್ಲಿಯ ಬಡವರು ಬಿದಿರು ಕುಟ್ಟಿದರು. ಮುಂದೆ ಎಣ್ಣೆಯ ಪೀಪಾಯಿಯ ತಳ ಬಡಿದು ಸ್ವರ ಎಬ್ಬಿಸಿದರು. ಆ ಉಕ್ಕಿನ ವಾದ್ಯ 1992ರಲ್ಲಿ ದೇಶದ ವಾದ್ಯವಾಯಿತು. ಅಲ್ಲಿ ಬಡಿಯಬೇಡ ಅಂದರು, ಇಲ್ಲಿ ಬಡಿ ಅಂದರು. ಎರಡರ ಅರ್ಥ ಒಂದೇ: ನಿನ್ನ ಕೈ ನಿನ್ನದಲ್ಲ.

ಹಾಗಾದರೆ ಹಲಗಿಯನ್ನು ಹೊಳೆಗೆ ಎಸೆಯೋಣವೇ? ನಮ್ಮ ಗೆಳೆಯರಲ್ಲಿ ಇದು ದೊಡ್ಡ ಜಗಳ. ಎಸೆಯಬೇಕು ಅನ್ನುವವರ ಸಿಟ್ಟು ಸುಳ್ಳಲ್ಲ. ಮುದುಕನಾದ ಅಪ್ಪ ಊರ ಹುಡುಗರ ಮುಂದೆ ಬಾಗಿ ಬಡಿಯುವುದನ್ನು ಕಂಡವರ ಸಿಟ್ಟು ಅದು. ಆದರೆ ಎಪ್ಪತ್ತರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಜಾಥಾಗಳ ಮುಂದೆ ನಡೆದದ್ದೂ ಇದೇ ವಾದ್ಯ. ಅದೇ ತೊಗಲು, ಅದೇ ಕೋಲು. ಬಡಿಯುವವನ ಬೆನ್ನು ಮಾತ್ರ ನೆಟ್ಟಗೆ.

ಇನ್ನೊಂದು ಎಚ್ಚರ ಬೇಕು. ಮೊದಲು ಬಡಿಸಿದವರು ಒಬ್ಬರಾದರೆ, ಈಗ ವಾದ್ಯ ಒಯ್ದು ಮಂದಿಯನ್ನು ಬಿಟ್ಟು ಹೋಗುವವರು ಇನ್ನೊಬ್ಬರು. ಮದರಾಸಿನಲ್ಲಿ 1930ರ ದಶಕದಲ್ಲಿ ದೇವದಾಸಿಯರ ಸದಿರ್ ಭರತನಾಟ್ಯವಾಗಿ ಸಭಾಭವನ ಏರಿತು. ಅದನ್ನು ಉಳಿಸಿಕೊಂಡು ಬಂದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಕೆಳಗೇ ಉಳಿದರು. ನಮ್ಮ ಚೌಡಕಿಯನ್ನು ನೋಡಿ. ಕಟ್ಟಿಗೆಯ ಕೊಳವೆ, ತಳಕ್ಕೆ ತೊಗಲು, ತೊಗಲಿನ ನಡುವಿನಿಂದ ಎಳೆದ ಒಂದು ತಂತಿ. ಬಿಗಿ ಹೆಚ್ಚುಕಡಿಮೆ ಮಾಡಿದರೆ ಅದು ಅಳುತ್ತದೆ, ನಗುತ್ತದೆ. ಅದನ್ನು ಹಿಡಿದು ಸವದತ್ತಿಯ ಗುಡ್ಡ ಹತ್ತಿದ ಅವ್ವಂದಿರ ಬದುಕಿಗೆ 1934ರ ಮುಂಬಯಿ ಕಾಯದೆಯೂ 1982ರ ಕರ್ನಾಟಕದ ಕಾಯದೆಯೂ ಬಂದವು. ನಾವು ಹೇಳುವುದಿಷ್ಟು: ಮುತ್ತು ಹೋಗಬೇಕು, ಚೌಡಕಿ ಉಳಿಯಬೇಕು. ಚೌಡಕಿ ಉಳಿಯಲಿ ಅಂತ ಮುತ್ತು ಉಳಿಸುವವರು ಕಲೆಯ ಗೆಳೆಯರಲ್ಲ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ಪ್ರಶಸ್ತಿ ಒಬ್ಬರಿಗೆ ಬರುತ್ತದೆ, ಚರಿತ್ರೆ ಕೇರಿಗೆಲ್ಲ ಬರಬೇಕು. ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿಗಳೇ, ನಿಮ್ಮ ಊರ ಹಲಗಿಯ ಹಿರಿಯರ ಹತ್ತಿರ ಕೂಡ್ರಿ. ಹೆಣಕ್ಕೆ ಯಾವ ಬಡಿತ, ಮದುವೆಗೆ ಯಾವುದು, ಮೊಹರಮ್ಮಿಗೆ ಯಾವುದು, ಒಂದೊಂದಕ್ಕೂ ಅವರು ಇಟ್ಟ ಹೆಸರೇನು, ಕೇಳಿ ಬರೆದುಕೊಳ್ಳಿ. ಎಷ್ಟು ಕಾಳು ಕೊಡುತ್ತಿದ್ದರು, ಯಾವತ್ತು ಒಲ್ಲೆ ಅಂದರು, ಒಲ್ಲೆ ಅಂದಾಗ ಏನಾಯಿತು, ಅದನ್ನೂ ಬರೆದುಕೊಳ್ಳಿ. ನಿಘಂಟಿನಲ್ಲಿ ಹಲಗಿಯ ಮುಂದಿನ ಆ ಒಂದು ಸಾಲನ್ನು ಅಳಿಸಿ ಹೊಸದು ಬರೆಯುವ ಕೆಲಸ ಬಾಕಿ ಇದೆ. ಅದನ್ನು ಬಡಿದವರ ಮಕ್ಕಳೇ ಬರೆಯಬೇಕು.