ಆ ಕಂಬ ಯಾರ ಮನೆಯದು?

ದುಬಾರಿ ರೆಸಾರ್ಟ್ ಒಂದಕ್ಕೆ ಹೋಗಿ ನೋಡಿ. ಬಾಗಿಲಲ್ಲೇ ಕೆತ್ತನೆಯ ಮರದ ಕಂಬ ಸ್ವಾಗತ ಕೋರುತ್ತೆ. ಪಕ್ಕದಲ್ಲಿ ನಿಂತು ಎಲ್ಲರೂ ಸೆಲ್ಫಿ ತಗೋತಾರೆ. ಅದು ಹಿಂದೆ ಯಾರ ಮನೆಯ ಮಾಡನ್ನು ಹೊತ್ತಿತ್ತು ಅಂತ ಯಾರೂ ಕೇಳಲ್ಲ.

ಕರಾವಳಿಯ ದೊಡ್ಡ ಮನೆಗಳು ಗೇಣಿ ಅಕ್ಕಿಯ ಬಲದಲ್ಲಿ ನಿಂತಿದ್ದವು. 1974ರ ಭೂಸುಧಾರಣೆಯಿಂದ ಗೇಣಿದಾರನೇ ಭೂಮಿಯ ಒಡೆಯನಾದ. ಆಗಬೇಕಾದ್ದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಸಾವಿರಾರು ಹಂಚು ಕೈಯಾಡಿಸುವ ಖರ್ಚು ಎಲ್ಲಿಂದ ಬರಬೇಕು? ಮಕ್ಕಳು ಮುಂಬೈ, ಬೆಂಗಳೂರು ಸೇರಿದರು. ಪಾಲು ಪಟ್ಟಿಯಾಯಿತು. ಮನೆ ಬಿಚ್ಚಿ ಮರ ಮಾರಿದರು.

ಆ ಹೊತ್ತಲ್ಲಿ ಮಣಿಪಾಲದ ಬ್ಯಾಂಕ್ ನೌಕರ ವಿಜಯನಾಥ ಶೆಣೈ ಕೆಡವುವ ಮನೆಗಳ ಬಾಗಿಲು, ಕಂಬ, ತೊಲೆಗಳನ್ನು ಹುಡುಕಿಕೊಂಡು ಹೊರಟರು. ಅವುಗಳಿಂದಲೇ ತಮಗೊಂದು ಮನೆ ಕಟ್ಟಿಕೊಂಡರು, ಹೆಸರು 'ಹಸ್ತಶಿಲ್ಪ'. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕಾರ್ಕಳದ ಹತ್ತಿರದ ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್, ಎಲ್ಲವೂ ಈಗ ಮಣಿಪಾಲದ ಒಂದೇ ಆವರಣದಲ್ಲಿವೆ. ಶೆಣೈ 2017ರಲ್ಲಿ ತೀರಿಕೊಂಡರು.

ಮನೆಯನ್ನ ಹೀಗೆ ಎತ್ತಿಕೊಂಡು ಹೋಗೋಕಾಗುತ್ತಾ? ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನಗೆ ಕುತೂಹಲ ಇದರಲ್ಲೇ. ಆಗುತ್ತೆ. ಹಳೇ ಆಚಾರಿಗಳು ತೊಲೆಗೆ ತೊಲೆ ಕಚ್ಚಿಸಿ ಮರದ ಬೆಣೆ ಹೊಡೆಯುತ್ತಿದ್ದರು. ಬೆಣೆ ತೆಗೆದರೆ ಜೋಡಣೆ ಬಿಡುತ್ತೆ. ತುಂಡುಗಳಿಗೆ ನಂಬರ್ ಹಾಕಿಟ್ಟರೆ ಅದೇ ಕ್ರಮದಲ್ಲಿ ಮತ್ತೆ ಕೂಡಿಸಬಹುದು. ಇವತ್ತಿನ ಕಾಂಕ್ರೀಟ್ ಮನೆ ಒಡೆದರೆ ಸಿಗೋದು ಜಲ್ಲಿ ಮತ್ತು ತುಕ್ಕು ಹಿಡಿದ ಕಬ್ಬಿಣ.

ಹಳೇ ಮನೆ ಉಳಿಸಿಕೊಂಡವರು ಕೂಡ ರಿಪೇರಿಯಲ್ಲಿ ಎಡವುತ್ತಾರೆ. ಮುರಕಲ್ಲು, ಮಣ್ಣಿನ ಗೋಡೆಗೆ 'ಗಟ್ಟಿ ಇರಲಿ' ಅಂತ ಸಿಮೆಂಟ್ ಮೆತ್ತುತ್ತಾರೆ. ಸುಣ್ಣದ ಗಾರೆ ನೆಲದಿಂದ ಏರಿದ ತೇವವನ್ನು ಗಾಳಿಗೆ ಬಿಡುತ್ತಿತ್ತು. ಸಿಮೆಂಟ್ ಬಿಡಲ್ಲ. ನೀರು ಗೋಡೆಯೊಳಗೇ ಉಳಿದು ಗಾರೆ ಹಪ್ಪಳದ ಹಾಗೆ ಏಳುತ್ತೆ, ತೊಲೆಯ ತುದಿ ಕೊಳೆಯುತ್ತೆ. ಆಮೇಲೆ 'ಹಳೇ ಮನೆ, ಇನ್ನೇನು ಬಾಳುತ್ತೆ' ಅಂತ ಮನೆಯನ್ನೇ ದೂರುತ್ತಾರೆ.

ಶೆಣೈ ಮಾಡಿದ್ದಕ್ಕೂ ತಕರಾರಿದೆ: ಊರು, ತೋಟ, ಬಾವಿ ಬಿಟ್ಟು ಬಂದ ಮನೆ ಮನೆಯೇನು, ವಸ್ತುಸಂಗ್ರಹಾಲಯ ಅಷ್ಟೇ ಅಂತ. ಒಪ್ಪುತ್ತೇನೆ. ಮಿಯಾರಿನ ಮನೆಯ ಒಲೆಯಲ್ಲಿ ಈಗ ಯಾರೂ ಗಂಜಿ ಬೇಯಿಸಲ್ಲ. ಆದರೆ ಆವತ್ತು ಆ ಮನೆಗಳ ಮುಂದೆ ಇನ್ನೊಂದು ದಾರಿಯಾಗಿ ನಿಂತಿದ್ದದ್ದು ಮರದ ವ್ಯಾಪಾರಿಯ ಲಾರಿ.