ಉಗಿಬಂಡಿಯ ಓಟ ಅಳೆದ ನಾಕ್
ರೈಲು, ಅದರಲ್ಲೂ ಬ್ರಿಟನ್ನಿನ ಉಗಿಬಂಡಿಗಳ ಬಗ್ಗೆ ಓ. ಎಸ್. ನಾಕ್ (1905–1994) ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ಇಷ್ಟು ಬರೆದವರನ್ನು ಇತಿಹಾಸಕಾರ ಎನ್ನಬೇಕೇ, ಬರಿಯ ಅಭಿಮಾನಿ ಎನ್ನಬೇಕೇ?

ವೃತ್ತಿಯಲ್ಲಿ ಅವರು ವೆಸ್ಟಿಂಗ್‌ಹೌಸ್ ಕಂಪನಿಯ ಸಿಗ್ನಲ್ ಎಂಜಿನಿಯರ್. ಅನುಮತಿ ಪಡೆದು ಚಾಲಕನ ಜೊತೆ ಎಂಜಿನ್ನಿನಲ್ಲೇ ಪ್ರಯಾಣಿಸಿ, ನಿಲ್ದಾಣ ದಾಟಿದ ಸಮಯ, ವೇಗ, ಉಗಿಯ ಒತ್ತಡಗಳನ್ನು ಬರೆದುಕೊಳ್ಳುತ್ತಿದ್ದರು. ‘ರೈಲ್ವೆ ಮ್ಯಾಗಜೀನ್’ ಪತ್ರಿಕೆಯಲ್ಲಿ ಎಂಜಿನ್ನುಗಳ ಓಟ ಕುರಿತ ಅಂಕಣವನ್ನು ಸೆಸಿಲ್ ಜೆ. ಅಲೆನ್ ಅವರ ನಂತರ ವಹಿಸಿಕೊಂಡು 1980ರವರೆಗೆ ನಡೆಸಿದರು.

ತೊಡಕಿರುವುದೂ ಇಲ್ಲೇ. ಎಂಜಿನ್ ಹತ್ತಲು ಬಿಟ್ಟ ಅಧಿಕಾರಿಗಳ ವಿಷಯದಲ್ಲಿ ಅವರ ಲೇಖನಿ ಮೆತ್ತಗಾಗುತ್ತದೆ. ವಿನ್ಯಾಸಕಾರರಿಗೆ ಸಿಕ್ಕಷ್ಟು ಪುಟಗಳು ಕಲ್ಲಿದ್ದಲು ಎಸೆದ ಫೈರ್‌ಮನ್‌ಗೆ, ಶೆಡ್ಡಿನಲ್ಲಿ ಬೂದಿ ತೆಗೆದವರಿಗೆ ಸಿಗಲಿಲ್ಲ. ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ 1968ರಲ್ಲಿ ಉಗಿ ನಿಲ್ಲಲು ಆ ಕೊಳಕು ದುಡಿಮೆಗೆ ಆಳು ಸಿಗದಿದ್ದುದೂ ಒಂದು ಕಾರಣ. ಅದನ್ನು ಬಿಟ್ಟರೆ ಉಗಿಯುಗದ ಕತೆ ಅರ್ಧವೇ.

ಆದರೂ ಅವರನ್ನು ತಳ್ಳಿಹಾಕಲಾಗದು. ಆ ಓಟಗಳು ಮತ್ತೆ ನಡೆಯುವುದಿಲ್ಲ. ನಡೆದಾಗ ಗಡಿಯಾರ ಹಿಡಿದು ನಿಂತವರು ಕೆಲವರೇ. ನಾಕ್ ಅವರ ಹೊಗಳಿಕೆಯನ್ನು ಸೋಸಿ ಓದಬೇಕು, ಅವರ ಅಂಕಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.